ಮೂರನೇ ಭಾಗದ ಸೇತುವೆ

೨೦೦೪ನೇ ಇಸವಿ. ನಾನಾಗ ಅರಸೀಕೆರೆಯಲ್ಲಿ ಲೋಕೋ ಇನ್ಸ್‌ಪೆಕ್ಟರ್. ಹೆಸರು ಕೇಳಿದವರು ಎಂಜಿನ್ ತಪಾಸಣೆ ಮಾಡುವವನು ಅಂದುಕೊಳ್ಳುತ್ತಾರೆ. ನಿಜವಾಗಿ ತಪಾಸಣೆ ಮಾಡಬೇಕಾದದ್ದು ಎಂಜಿನ್ ಓಡಿಸುವವರನ್ನು. ವರ್ಷಗಟ್ಟಲೆ ನಾನೇ ಗಾಡಿ ಓಡಿಸಿ, ಆಮೇಲೆ ಬೇರೆ ಡ್ರೈವರುಗಳ ಪಕ್ಕ ನಿಂತು ಅವರು ಸಿಗ್ನಲ್ ಸರಿಯಾಗಿ ನೋಡುತ್ತಾರೋ, ಬ್ರೇಕ್ ಹದವಾಗಿ ಹಾಕುತ್ತಾರೋ, ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೋ ಎಂದು ನೋಡುವ ಕೆಲಸ. ಕೊನೆಯದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ನನ್ನನ್ನು ಕೇಳಿದರೆ ಅದೇ ಮುಖ್ಯ.

ನನ್ನ ಡ್ರೈವರುಗಳಲ್ಲಿ ಮಹೇಶ ಜಾವಗಲ್ಲಿನವನು. ಮೂವತ್ತರ ಆಸುಪಾಸು. ಅವನ ಅಪ್ಪ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದವರು. "ನಮ್ಮಪ್ಪ ಸುತ್ತಿಗೇಲಿ ಹೊಡ್ದ ಹಳಿ ಮ್ಯಾಲೆ ನಾನು ಗಾಡಿ ಬಿಡ್ತೀನಿ ಸಾರ್" ಎಂದು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ. ಆ ಹೆಮ್ಮೆ ನನಗೂ ಇಷ್ಟವಾಗುತ್ತಿತ್ತು.

ಆ ಬೇಸಿಗೆಯ ಒಂದು ಮಧ್ಯಾಹ್ನ, ತಿರುವಿನಾಚೆ ಹಳಿ ದಾಟುತ್ತಿದ್ದ ಕಿವಿ ಮಂದವಾದ ಮುದುಕರೊಬ್ಬರು ಅವನ ಗೂಡ್ಸ್ ಗಾಡಿಗೆ ಸಿಕ್ಕಿ ತೀರಿಕೊಂಡರು. ಮಹೇಶ ಹಾರ್ನ್ ಮಾಡಿದ, ಎಮರ್ಜೆನ್ಸಿ ಬ್ರೇಕ್ ಎಳೆದ. ಆದರೆ ತುಂಬಿದ ಗೂಡ್ಸ್ ಗಾಡಿ ಬ್ರೇಕ್ ಹಾಕಿದಲ್ಲೇ ನಿಲ್ಲುವುದಿಲ್ಲ. ಕೊನೆಯ ವ್ಯಾಗನ್ನಿನವರೆಗೆ ಬ್ರೇಕ್ ಹಿಡಿದು, ಗಾಡಿ ಪೂರ್ತಿ ನಿಲ್ಲುವ ಹೊತ್ತಿಗೆ ಮುಕ್ಕಾಲು ಕಿಲೋಮೀಟರ್ ಆದರೂ ಕಳೆದಿರುತ್ತದೆ. ಇದಕ್ಕೆ ಬ್ರೇಕಿಂಗ್ ಡಿಸ್ಟೆನ್ಸ್ ಎನ್ನುತ್ತೇವೆ. ಮಹೇಶನ ಮುಂದಿದ್ದದ್ದು ಅದರ ಕಾಲುಭಾಗವೂ ಅಲ್ಲ. ಡ್ರೈವರನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು.

ವಿಚಾರಣೆ ಬಿಟ್ಟರೂ ಅವನ ಮನಸ್ಸು ಅವನನ್ನು ಬಿಡಲಿಲ್ಲ. ಮತ್ತೆ ಡ್ಯೂಟಿಗೆ ಹತ್ತಿದ ದಿನ ನಾನು ಜೊತೆಗಿದ್ದೆ. ಅದೇ ತಿರುವು ಬಂತು. ಹಳಿಯ ಮೇಲೆ ನರಪಿಳ್ಳೆಯೂ ಇರಲಿಲ್ಲ. ಇವನು ಎಮರ್ಜೆನ್ಸಿ ಬ್ರೇಕ್ ಎಳೆದುಬಿಟ್ಟ. ಹಿಂದಿನ ಗಾಡಿಗಳೆಲ್ಲ ನಿಂತವು, ಕಂಟ್ರೋಲ್ ರೂಮಿನಿಂದ ನನಗೆ ಮಂಗಳಾರತಿ ಆಯಿತು. ಅವನನ್ನು ಕೆಲವು ವಾರ ರಜೆಯ ಮೇಲೆ ಕಳಿಸಿದೆ. ಇನ್ನೊಂದು ಸಲ ಜೊತೆಗೆ ಹೋಗಿ ನೋಡುವ ಅವಕಾಶ ನನಗಿತ್ತು. ಆಗಲೂ ಹೀಗೇ ಮಾಡಿದರೆ 'ಎಂಜಿನ್ ಓಡಿಸಲು ಅನರ್ಹ' ಎಂದು ಬರೆಯಲೇಬೇಕು. ಆಮೇಲೆ ಅವನು ಜೀವಮಾನವಿಡೀ ಶೆಡ್ಡಿನಲ್ಲಿ ನಟ್ಟು ಬೋಲ್ಟು ಎಣಿಸುತ್ತ ಕೂರಬೇಕಾಗುತ್ತಿತ್ತು.

ಒಂದು ದಿನ ವಿಚಾರಿಸೋಣವೆಂದು ಅವನ ಕ್ವಾರ್ಟರ್ಸಿಗೆ ಹೋದೆ. ಅವನಿರಲಿಲ್ಲ. ಗೋಡೆಯ ಬುದ್ಧನ ಪಟದ ಕೆಳಗೆ ಅವನ ಡ್ಯೂಟಿಯ ಟಿಫನ್ ಕ್ಯಾರಿಯರ್ ತೊಳೆದು ಬೋರಲು ಹಾಕಿತ್ತು. ಹೆಂಡತಿ ಸುಜಾತ ಕಾಫಿ ಕೊಟ್ಟು ಹೇಳಿದಳು: "ಸ್ಟೇಷನ್ ರೋಡಿನಾಗೆ ಕಂಪ್ಯೂಟರ್ ಅಂಗಡಿ ಐತಲ್ಲ ಸಾರ್, ಅಲ್ಲಿ ಬೆಳಗಿಂದ ಸಂಜೆವರ್ಗೂ ಬಂದೂಕದ ಆಟ ಆಡ್ತಾರೆ. ಕುಡಿಯೋದಾದ್ರೂ ಕಲ್ತಿದ್ರೆ ಬೈಬೋದಿತ್ತು. ಇದಕ್ಕೆ ಏನಂತ ಬೈಯ್ಲಿ?"

ನಾಲ್ಕು ಬಾರಿಸಿ ಎಳೆದುಕೊಂಡು ಬರೋಣ ಎಂದೇ ಹೊರಟೆ.

ಅಂಗಡಿ ನಡೆಸುತ್ತಿದ್ದವನು ಬೇಲೂರಿನ ಶಿವಣ್ಣ. ಹಿಂದೆ ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದವನು, ಕಥೆ ಹೇಳುವ ಚಟ ಆಗಿನಿಂದಲೂ ಇತ್ತು. ಮಹೇಶ ಆಡುತ್ತಿದ್ದದ್ದು ಹಲವು ವರ್ಷಗಳಿಂದ ಒಂದರ ಹಿಂದೊಂದು ಭಾಗ ಬರುತ್ತಿದ್ದ, ಬೇರೆ ಗ್ರಹದ ಮೇಲೆ ನಡೆಯುವ ಯುದ್ಧದ ಆಟ. ಅದರ ಇಂಗ್ಲಿಷ್ ಅರ್ಥವಾಗದ ಗಿರಾಕಿಗಳಿಗೆ ಶಿವಣ್ಣ ಹಿಂದಿನ ಭಾಗಗಳ ಕಥೆಯನ್ನು ಕನ್ನಡದಲ್ಲಿ ಹೇಳಿಯೇ ಕೂರಿಸುತ್ತಿದ್ದ. ನನಗೂ ಹೇಳಿದ. "ಮೊದಲ್ನೇ ಭಾಗದಾಗೆ ಈ ಸಿಪಾಯಿ ಆ ಗ್ರಹಕ್ಕೆ ಹೋಗಿ ಬೀಳ್ತಾನೆ ಸಾರ್. ಎರಡನೇದ್ರಾಗೆ ದಾರಿ ತೋರ್ಸಕೆ ಒಬ್ಬ ಮುದುಕ ಮೆಕ್ಯಾನಿಕ್ ಸಿಗ್ತಾನೆ. ಮೂರನೇದ್ರಾಗೆ ಇಬ್ರೂ ಒಂದು ಸೇತುವೆ ದಾಟ್‌ಬೇಕು."

ಮಹೇಶ ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತ. "ಕೂತ್ಕೊಳ್ಳೋ, ನನಗೂ ಒಂದು ಆಟ ಕೊಡು" ಎಂದೆ. ಬಾರಿಸುವ ಯೋಚನೆ ಅವನ ಮುಖ ನೋಡಿದ ಕೂಡಲೇ ಹೋಗಿತ್ತು. ನಾನು ಆಡಿದೆ. ಎದುರು ಬಂದ ಜಂತುಗಳಿಗಿಂತ ಗೋಡೆಗಳಿಗೇ ಹೆಚ್ಚು ಗುಂಡು ಬಿದ್ದವು. ಮಹೇಶ ನಕ್ಕ. ಅಪಘಾತವಾದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮೊದಲ್ನೇ ಭಾಗದಾಗೆ ಬಂದೂಕ ಆಟದ ಸಾಮಾನಿನ ಹಂಗಿತ್ತು ಸಾರ್, ಒತ್ತಿದ್ರೆ ಜಂತುಗಳು ಬಿದ್ದೋಗೋವು. ಇದ್ರಾಗೆ ತೂಕ ಐತೆ. ಗುಂಡು ಹಾರಿದ್ರೆ ಒದೀತದೆ, ಗುರಿ ಮ್ಯಾಲಕ್ಕೆ ಹೋಯ್ತದೆ. ಗುಂಡು ತುಂಬ್ಕೊಳ್ಳೋಕೂ ಹೊತ್ತು ಬೇಕು, ಅಷ್ಟ್ರಾಗೆ ಅವು ಬಂದುಬಿಡ್ತವೆ. ನಮ್ ಬ್ರೇಕ್ ಹಂಗೇ. ಕೈ ಇವಾಗ ಎಳೀತದೆ, ಕೆಲ್ಸ ಆಮೇಲೆ ಆಯ್ತದೆ."

ಆಟದ ಬಗ್ಗೆ ನನಗಿದ್ದ ಅಸಡ್ಡೆ ಅಲ್ಲಿಗೆ ಸ್ವಲ್ಪ ಇಳಿಯಿತು. ಪಕ್ಕದಲ್ಲಿ ಕೂತು, ಗಾಡಿಯಲ್ಲಿ ನೋಡುವ ಹಾಗೆಯೇ ಅವನ ಕೈ ನೋಡತೊಡಗಿದೆ. ಸೇತುವೆ ಬಂತು. ಮುದುಕ ಮೆಕ್ಯಾನಿಕ್ ಮುಂದೆ ಹೋಗಿ ಆಚೆ ತುದಿಯ ಬಾಗಿಲು ತೆಗೆಯಬೇಕು. ತೆಗೆಯುವಷ್ಟರಲ್ಲಿ ಆಚೆಯಿಂದ ಒಂದು ದೊಡ್ಡ ಜಂತು ಬಂದು ಅವನನ್ನು ಕೆಡವುತ್ತದೆ. ಮಹೇಶ ಆಟ ನಿಲ್ಲಿಸಿ, ಸೇತುವೆಗೆ ಮುಂಚೆ ಉಳಿಸಿಟ್ಟಿದ್ದ ಜಾಗದಿಂದ ಮತ್ತೆ ಶುರುಮಾಡಿದ. ಈ ಸಲ ಓಡಿದ. ಮುದುಕ ಸತ್ತ. ಮತ್ತೆ ದೂರದಿಂದಲೇ ಗುಂಡು ಹಾರಿಸಿದ. ಮುದುಕ ಸತ್ತ. ಮುದುಕನಿಗೆ ಅಡ್ಡ ನಿಂತ. ಆಗಲೂ ಮುದುಕ ಸತ್ತ.

ಶಿವಣ್ಣನನ್ನು ಹೊರಗೆ ಕರೆದು, ಮುದುಕನನ್ನು ಉಳಿಸುವ ದಾರಿ ಇದೆಯೇ ಎಂದು ಕೇಳಿದೆ.

"ಇಲ್ಲ ಸಾರ್. ಕಥೆ ಬರೆದೋರೇ ಅಂಗೆ ಬರ್ದವ್ರೆ. ಯಾವ ಬಂದೂಕ ಹಿಡುದ್ರೂ ಅಷ್ಟೇಯ. ಅವ್ನು ಸತ್ತ ಮ್ಯಾಲೇ ಕಥೆ ಮುಂದಕ್ಕೆ ಹೋಗೋದು. ಎಷ್ಟು ಸಲ ಹೇಳಿದ್ರೂ ಇವ್ರು ಕೇಳಲ್ಲ, ಬರೀ ಅಲ್ಲೇ ಆಡ್ತಾರೆ."

ಮಹೇಶ ಆಡುತ್ತಿದ್ದದ್ದು ಬಂದೂಕದ ಆಟವೇ ಅಲ್ಲ. ಆ ತಿರುವಿಗೆ ಹಿಂತಿರುಗಿ ಹೋಗಿ ಬೇರೆ ಥರ ಬ್ರೇಕ್ ಹಾಕಿ ನೋಡುತ್ತಿದ್ದ.

'ನಿನ್ನ ತಪ್ಪಿಲ್ಲ' ಎಂದು ಅವನಿಗೆ ಎಲ್ಲರೂ ಹೇಳಿಯಾಗಿತ್ತು, ನಾನೂ ಹೇಳಿದ್ದೆ. ಈಗ ನನಗೆ ಬರುವ ವಿದ್ಯೆ ಒಂದೇ. ರೈಲ್ವೆಯಲ್ಲಿ ಏನೇ ಅವಘಡವಾದರೂ ಬೇರೆ ಬೇರೆ ವಿಭಾಗದವರು ಜಾಗಕ್ಕೆ ಹೋಗಿ, ಒಟ್ಟಿಗೆ ನೋಡಿ, ಕಾರಣ ತೀರ್ಮಾನಿಸುತ್ತಾರೆ. ಅದು ಜಾಯಿಂಟ್ ಇನ್ಸ್‌ಪೆಕ್ಷನ್. ಒಳಗೆ ಹೋಗಿ ಅವನ ಪಕ್ಕ ಕೂತೆ.

"ಮಹೇಶ, ಈ ಸೇತುವೆಗೆ ಒಂದು ಜಾಯಿಂಟ್ ಇನ್ಸ್‌ಪೆಕ್ಷನ್ ಮಾಡಾಣ. ಡ್ರೈವರ್ ಈ ಸಿಪಾಯಿ. ತೀರ್ಮಾನ ಹೇಳೋನು ನೀನು."

ಅವನು ನನ್ನನ್ನೇ ನೋಡಿದ. ನಾನು ನಗದೆ ಒಂದೊಂದೇ ಪ್ರಶ್ನೆ ಕೇಳಿದೆ, ಅವನು ಉತ್ತರ ಕೊಟ್ಟ. ಜಂತು ಮೊದಲು ಎಲ್ಲಿ ಕಣ್ಣಿಗೆ ಬಿತ್ತು? ಬಾಗಿಲಿನ ಹತ್ತಿರ. ಸಿಪಾಯಿ ಎಲ್ಲಿದ್ದ? ಸೇತುವೆಯ ಈ ತುದಿಯಲ್ಲಿ. ಕಂಡ ಕೂಡಲೇ ಏನು ಮಾಡಿದ? ಗುಂಡು ಹಾರಿಸಿದ. ಅದಕ್ಕಿಂತ ಮುಂಚೆ ಕಾಣುವ ಸಾಧ್ಯತೆ ಇತ್ತೇ?

"ಇರ್ಲಿಲ್ಲ. ಗೋಡೆ ಅಡ್ಡ ಐತೆ."

"ಓಡಿ ಮುಟ್‌ಬೋದಿತ್ತಾ?"

"ಹೊತ್ತು ಸಾಲ್ದು ಸಾರ್, ದೂರ ಐತೆ."

"ಹಂಗಾದ್ರೆ ತೀರ್ಮಾನ ಹೇಳು."

ಅವನು ಪರದೆ ನೋಡುತ್ತಲೇ ಹೇಳಿದ: "ಸಿಪಾಯಿ ತಪ್ಪಿಲ್ಲ." ಹೇಳಿದವನೇ ಮುಖ ಮುಚ್ಚಿಕೊಂಡು ಅತ್ತ. ಶಿವಣ್ಣ ಬೇರೆ ಗಿರಾಕಿಗಳನ್ನು ಏನೋ ನೆಪ ಹೇಳಿ ಹೊರಗೆ ಕರೆದುಕೊಂಡು ಹೋದ. ಆ ಉಪಕಾರವನ್ನು ನಾನು ಮರೆತಿಲ್ಲ.

ಅಂದು ಮಹೇಶ ಹಿಂದಕ್ಕೆ ಹೋಗಲಿಲ್ಲ. ಸಿಪಾಯಿ ಸೇತುವೆ ದಾಟಿ ಒಂದು ಶಿಬಿರ ಸೇರಿದ. ಅಲ್ಲಿ ಮುದುಕನ ಮಗಳು ಬಂದು ಏನೋ ಕೇಳಿದಳು. ನನಗೆ ಅವಳ ಇಂಗ್ಲಿಷ್ ತಿಳಿಯಲಿಲ್ಲ. ಶಿವಣ್ಣ ಬಾಗಿಲಲ್ಲೇ ನಿಂತು ಹೇಳಿದ: "ನಮ್ಮಪ್ಪ ಒಬ್ನೇ ಇದ್ನಾ ಅಂತ ಕೇಳ್ತಾವ್ಳೆ. ಜೊತೇಲಿ ನಾನಿದ್ದೆ ಅಂತಾನೆ ಸಿಪಾಯಿ."

ಮಹೇಶ ಕುರ್ಚಿಯಿಂದ ಎದ್ದ. "ಸಾರ್, ನನ್ ಗಾಡಿಗೆ ಸಿಕ್ಕಿದ ಅಜ್ಜಂದು ಹುಲಿಕೆರೆ ಅಂತೆ. ನಾನು ಹೋಗ್‌ಬೇಕು."

ಎರಡು ದಿನ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ, ಅಲ್ಲಿಂದ ಹುಲಿಕೆರೆ ತಲುಪಿದೆವು. ಏನಾಗುತ್ತದೋ ಎಂದು ನನಗೂ ಭಯವಿತ್ತು. ಮುದುಕರ ಮಗಳು ರಾಗಿ ಹಸನು ಮಾಡುತ್ತಿದ್ದಳು. ಮಹೇಶ ತಾನು ಯಾರೆಂದು ಹೇಳಿ ತಲೆ ತಗ್ಗಿಸಿ ನಿಂತ. ಅವಳು ಮೊರ ಕೆಳಗಿಟ್ಟಳು.

"ನೀವು ಇಳ್ದು ಹತ್ರ ಹೋದ್ರಾ?"

"ಹೋದೆ ಕಣಕ್ಕ. ಉಸಿರಿತ್ತು. ನೀರು ಕೇಳಿದ್ರು."

"ಕೊಟ್ರಾ?"

"ನನ್ ಬಾಟ್ಲಿಂದ ಕುಡಿಸ್ದೆ. ಎರಡು ಗುಟುಕು ಕುಡುದ್ರು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಾಯಿಗೆ ನೀರು ಬಿಡೋರಿಲ್ದೆ ಹೋದ್ನಲ್ಲ ಅಂತ ಇವತ್ತಿನವರ್ಗೂ ಅಳ್ತಿದ್ದೆ" ಎಂದಳು. ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಅವನ ಕೈಗೇ ಕೊಟ್ಟಳು. "ಕುಡೀರಿ, ಬಿಸಿಲಾಗೆ ಬಂದಿದೀರಿ."

ಮುಂದಿನ ವಾರ ನಾವಿಬ್ಬರೂ ಎಂಜಿನ್ ಹತ್ತಿದೆವು. ಸುಜಾತ ಕಟ್ಟಿಕೊಟ್ಟ ಕ್ಯಾರಿಯರ್ ಮೂಲೆಯಲ್ಲಿತ್ತು. ತಿರುವು ಬಂದಾಗ ಮಹೇಶನ ಕೈ ಬ್ರೇಕಿನ ಮೇಲಿತ್ತು. ಅವನು ಹಾರ್ನನ್ನು ಉದ್ದಕ್ಕೆ ಒತ್ತಿ ಹಿಡಿದ. ಬ್ರೇಕ್ ಎಳೆಯಲಿಲ್ಲ. ತಿರುವು ದಾಟಿದ ಮೇಲೆ ಬೆವರು ಒರೆಸಿಕೊಂಡು, "ನಾಲ್ಕನೇ ಭಾಗ ಬಂದೈತಂತೆ ಸಾರ್" ಎಂದ. "ರಜಾ ದಿನ ಆಡೋವಂತೆ, ಈಗ ಸಿಗ್ನಲ್ ನೋಡು" ಎಂದು ಗದರಿದೆ. 'ಅರ್ಹ' ಎಂದು ಬರೆಯುವಾಗ ನನಗಾದ ಖುಷಿ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ನನ್ನ ಕೆಲಸ ಕಲಿಸಿದ್ದು ಇಷ್ಟು. ಬ್ರೇಕ್ ಹಾಕಿದ ಮೇಲೂ ಗಾಡಿ ಓಡಬೇಕಾದಷ್ಟು ದೂರ ಓಡಿಯೇ ನಿಲ್ಲುತ್ತದೆ, ಮನುಷ್ಯನೂ ಹಾಗೆಯೇ. ಆ ದೂರವನ್ನು ಕಡಿಮೆ ಮಾಡಲು ಯಾವ ಇನ್ಸ್‌ಪೆಕ್ಟರಿಗೂ ಆಗುವುದಿಲ್ಲ. ಅಲ್ಲಿಯವರೆಗೆ ಪಕ್ಕದಲ್ಲಿ ನಿಂತಿರಬಹುದು. ನನಗೆ ಸಂಬಳ ಕೊಡುತ್ತಿದ್ದದ್ದೂ ಅದಕ್ಕೇ ಎಂದು ನನಗೆ ಗೊತ್ತಾದದ್ದು ಮಹೇಶನಿಂದ.