ಗಾಜಿಗೆ ಅಂಟಿದ ಮುಖ

ಗಂಗವ್ವ, ನಿಮ್ಮ ಮನೆಯ ಗೋಡೆಯ ಮೇಲಿನ ಆ ಫೋಟೊದಲ್ಲಿರುವುದು ನಿಮ್ಮ ಹಿರಿಯ ಮಗ ಯಲ್ಲಪ್ಪನಲ್ಲ. ಅವನ ಮುಖವನ್ನು ನಾನು ಹಾಳು ಮಾಡಿದೆ. ಆಮೇಲೆ ಕಂಪ್ಯೂಟರಿನಲ್ಲಿ ಬೇರೊಂದು ಮುಖ ಕಟ್ಟಿ ಕೊಟ್ಟೆ. ಅವನಲ್ಲ ಎಂದು ಹೇಳಿದವರು ನೀವೊಬ್ಬರೇ. ನೀವು ಹೇಳಿದ್ದೇ ನಿಜ — ಇಷ್ಟು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ನಿಮಗೆ ಓದು ಬರುವುದಿಲ್ಲ, ಗೊತ್ತು. ಆದರೂ ಬರೆಯುತ್ತಿದ್ದೇನೆ. ನಿಮ್ಮೆದುರು ಬಾಯಿ ಬಿಡುವ ಮೊದಲು, ಸುಳ್ಳು ಸೇರಿಸದೆ ಹೇಳಲು ನನಗೆ ಬರುತ್ತದೋ ಇಲ್ಲವೋ ನೋಡಿಕೊಳ್ಳಬೇಕು.

ದಾಂಡೇಲಿಯಲ್ಲಿ ಆಗ ನನ್ನದೊಂದು ಸಣ್ಣ ಸ್ಟುಡಿಯೊ. ಫಿಲ್ಮ್ ರೋಲಿನ ಕಾಲ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯಲ್ಲಿ ಪರಿಚಯದವನೊಬ್ಬನ ಅಂಗಡಿಯಲ್ಲಿ ಕೂತು ಫೋಟೊ ತಿದ್ದುವುದನ್ನು ಕಲಿತು, ಒಂದು ಕಂಪ್ಯೂಟರು, ಒಂದು ಸ್ಕ್ಯಾನರು ತಂದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತಾಯಿತು. ಲುಂಗಿ ಉಟ್ಟವರಿಗೆ ಕೋಟು ತೊಡಿಸಿದೆ. ಜೋಯಿಡಾದ ಹೊಸ ಜೋಡಿಯನ್ನು ಹಿಮದ ಗುಡ್ಡದ ಮುಂದೆ ನಿಲ್ಲಿಸಿದೆ. ಬದುಕಿದ್ದಾಗ ಒಟ್ಟಿಗೆ ಒಂದೂ ಫೋಟೊ ತೆಗೆಸದ ಗಂಡ ಹೆಂಡಿರನ್ನು ಸತ್ತ ಮೇಲೆ ಪಕ್ಕಪಕ್ಕ ಕೂರಿಸಿದೆ. ಜನ ಬೆರಗಾದರು, ನಾನು ಉಬ್ಬಿದೆ. ಅದೆಲ್ಲ ಪಾಪವೆಂದು ಈಗಲೂ ಅನ್ನಿಸುವುದಿಲ್ಲ. ನಾನು ಏನು ಮಾಡಿದ್ದೇನೆಂದು ಮಾಡಿಸಿಕೊಂಡವರಿಗೆ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲ.

ಮಹಾನವಮಿ ಅಮಾವಾಸ್ಯೆ ಹತ್ತಿರವಾದರೆ ಇಂಥ ಕೆಲಸ ಹೆಚ್ಚು. ತೀರಿಕೊಂಡವರ ಫೋಟೊ ಇಟ್ಟು, ಹಾರ ಹಾಕಿ, ಅವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡಬೇಕಲ್ಲ. ಯಲ್ಲಪ್ಪ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅದು ಮೊದಲ ಅಮಾವಾಸ್ಯೆ. ನಿಮ್ಮ ಕಿರಿಯ ಮಗ ಪರಶುರಾಮ ಅಣ್ಣನ ಫೋಟೊವನ್ನು ಚೌಕಟ್ಟಿನ ಸಮೇತ ತಂದ. ಮೌಳಂಗಿಯಲ್ಲಿ ಹೊಳೆಯ ದಂಡೆಯ ಮೇಲೆ ಗೆಳೆಯನೊಬ್ಬ ತೆಗೆದದ್ದಂತೆ. ರೋಲು ಎಲ್ಲಿ ಹೋಯಿತೋ ಆ ಗೆಳೆಯನಿಗೂ ತಿಳಿಯದು. ಮನೆಯಲ್ಲಿ ಇರುವುದು ಇದೊಂದೇ, ದೊಡ್ಡದು ಮಾಡಿಕೊಡಿ ಎಂದ. ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಂಡಿತ್ತು.

ಹಾಗೆ ಅಂಟಿದ್ದನ್ನು ಬಿಡಿಸಬಾರದು. ಗಾಜಿನ ಸಮೇತವೇ ಸ್ಕ್ಯಾನರಿನ ಮೇಲೆ ಇಡಬೇಕು. ಇದು ನನಗೆ ಗೊತ್ತಿತ್ತು, ಗಂಗವ್ವ. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ವರ್ಷ ಒಳಗೆ ಕೊರೆಯುತ್ತಿರಲಿಲ್ಲವೇನೋ. ಗಾಜಿನ ಮೇಲೆ ಗೀರುಗಳಿದ್ದವು, ಆಮೇಲೆ ಅವನ್ನು ಒಂದೊಂದಾಗಿ ತಿದ್ದುತ್ತ ಕೂರಬೇಕಿತ್ತು — ಬೇಸರ, ಅಷ್ಟೇ. ಬ್ಲೇಡು ತೂರಿಸಿ ಎಳೆದೆ. ಅಂಗಿ ಬಂತು, ಹೊಳೆ ಬಂತು, ಹಿಂದಿನ ಬಿದಿರು ಬಂತು. ಮುಖ ಬರಲಿಲ್ಲ. ಅದು ಚಕ್ಕೆಚಕ್ಕೆಯಾಗಿ ಗಾಜಿನ ಮೇಲೆಯೇ ಉಳಿಯಿತು. ಆಗಲಾದರೂ ಆ ಗಾಜನ್ನು ಹಾಗೆಯೇ ಇಟ್ಟಿದ್ದರೆ... ಇಡಲಿಲ್ಲ. ಯಾರಾದರೂ ನೋಡಿಯಾರೆಂದು ಹಿತ್ತಲಿಗೆ ಒಯ್ದು ನಲ್ಲಿಯ ಕೆಳಗೆ ಹಿಡಿದೆ. ನಿಮ್ಮ ಮಗನ ಮುಖವೆಂದು ಉಳಿದಿದ್ದುದು ಅಷ್ಟೇ. ಅದನ್ನು ನಾನು ಉಗುರಿನಿಂದ ಕೆರೆದು ತೊಳೆದೆ.

ಪರಶುರಾಮ ಮತ್ತೆ ಬಂದಾಗ ಅವನನ್ನೇ ಸ್ಟೂಲಿನ ಮೇಲೆ ಕೂರಿಸಿ ಫೋಟೊ ತೆಗೆದೆ. ಬಣ್ಣ ಹೊಂದಿಸಲು ಬೇಕು ಎಂದೆ, ಪಾಪ, ನಂಬಿದ. ಹಣೆ, ಕಣ್ಣು ಅವನವು. ಮೂಗು, ಬಾಯಿ, ಗದ್ದ — ಹಳಿಯಾಳದ ಕಡೆಯವನೊಬ್ಬ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಿ, ಒಯ್ಯಲು ಬಾರದೆ ಹೋಗಿದ್ದ, ಅವನವು. ಅವನ ಹೆಸರೂ ನನಗೆ ನೆನಪಿಲ್ಲ. ಮೀಸೆ ದಪ್ಪ ಮಾಡಿದೆ, ಮೀಸೆ ಬಹಳಷ್ಟನ್ನು ಮುಚ್ಚುತ್ತದೆ. ಹರಿಯದೆ ಉಳಿದ ಅಂಗಿಯ ಮೇಲೆ ಆ ಮುಖ ಕೂರಿಸಿದೆ. ಚೆನ್ನಾಗಿಯೇ ಬಂತು. ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಮತ್ತೆ ಆಗಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ.

ಹಳೆಯದು ತೇವಕ್ಕೆ ಪುಡಿಯಾಯಿತೆಂದು ಪರಶುರಾಮನಿಗೆ ಹೇಳಿ ಹೊಸದನ್ನು ಕೊಟ್ಟೆ. ನಿಮ್ಮ ಮನೆಯವರು, ಅಂಬೇವಾಡಿಯ ನೆರೆಹೊರೆಯವರು, ಎಲ್ಲರೂ ಒಪ್ಪಿದರು. ತುಸು ಬೇರೆ ಕಂಡರೂ, ಕಂಪ್ಯೂಟರಿನಲ್ಲಿ ಮಾಡಿದ್ದು ಹಾಗೆಯೇ ಇರುತ್ತದೆ ಎಂದುಕೊಂಡರಂತೆ. ಅಮಾವಾಸ್ಯೆಯ ಹಿಂದಿನ ದಿನ ನೀವು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿರಿ. ಖಾನಾವಳಿಯಲ್ಲಿ ರೊಟ್ಟಿ ಬಡಿದು ನೇರವಾಗಿ ಬಂದಿದ್ದಿರಿ, ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಪರಶುರಾಮ ಹಿಂದೆಯೇ ಬಂದು, ಅವ್ವ ಸುಮ್ಮನೆ ಹಟ ಹಿಡಿದಿದ್ದಾಳೆ ಎಂದು ಸಂಕೋಚಪಟ್ಟ.

"ತಮ್ಮಾ, ಇಂವ ನನ್ನ ಮಗ ಅಲ್ಲ," ಎಂದಿರಿ. "ಯಾರದೋ ಮಗಗ ನಾ ಎಡಿ ಹೆಂಗ ಇಡ್ಲಿ? ನನ್ನ ಮಗ ಉಪಾಸ ಉಳೀತಾನ."

ಗದ್ದಲ ಮಾಡಲಿಲ್ಲ, ಬಯ್ಯಲಿಲ್ಲ. ಹೌದು, ನನ್ನಿಂದ ತಪ್ಪಾಯಿತು — ಆಗ ಅಷ್ಟು ಅಂದಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಯವ್ವಾ, ಒಲಿ ಹೊಗಿಗೆ ನಿಮ್ಮ ಕಣ್ಣ ಮಂಜ ಆಗ್ಯಾವ. ಫೋಟೊ ಬರೋಬ್ಬರಿ ಐತಿ."

ಪರಶುರಾಮ ತಲೆಯಾಡಿಸಿದ. ನೀವು ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಫೋಟೊ ನೋಡಿದಿರಿ. ಅಳು ಬಂದು ಒರೆಸಿಕೊಂಡದ್ದಲ್ಲ. ಕಣ್ಣು ಸ್ವಚ್ಛವಾದರೆ ಮಗ ಕಂಡಾನೇನೋ ಎಂದು. ಮತ್ತೊಮ್ಮೆ ಒರೆಸಿಕೊಂಡಿರಿ. ಆಮೇಲೆ ಫೋಟೊವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೋದಿರಿ. ಮರುದಿನ ಅದಕ್ಕೇ ಎಡೆ ಇಟ್ಟಿರಂತೆ.

ಅಲ್ಲಿಂದ ಮುಂದೆ ಪೇಟೆಯಲ್ಲಿ ನಿಮ್ಮನ್ನು ಕಂಡರೆ ನಾನು ಓಣಿ ಬದಲಿಸುತ್ತಿದ್ದೆ. ಅಂಗಡಿ ಬೆಳೆಯಿತು, ಮುಂಡಗೋಡದಿಂದಲೂ ಮದುವೆಯ ಕೆಲಸ ಬಂತು. ಆದರೆ ದಣಿದುಹೋದೆ. ಮದುಮಗಳ ಮುಖವನ್ನು ಬೆಳ್ಳಗೆ ಮಾಡುತ್ತ ಕೂತಾಗ ಇದ್ದಕ್ಕಿದ್ದಂತೆ ಕೈ ನಿಲ್ಲುತ್ತದೆ. ಯಾರ ಮುಖವನ್ನೂ ಮುಟ್ಟುವುದು ಬೇಡವೆನ್ನಿಸುತ್ತದೆ. ಮತ್ತೆ ಮುಟ್ಟುತ್ತೇನೆ, ಹೊಟ್ಟೆಪಾಡು.

ಕೆಲವು ವರ್ಷಗಳಾದ ಮೇಲೆ ನೀವು ಮತ್ತೆ ನನ್ನ ಅಂಗಡಿಗೆ ಬಂದಿರಿ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಿರಿ, ಕರಿ ಕನ್ನಡಕವಿತ್ತು. ಈಗ ನಿಚ್ಚಳ ಕಂಡಿದೆ, ಕೇಳಲು ಬಂದಿದ್ದಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಂತೂ ಮುಗಿಯಿತಲ್ಲ ಎಂದು ಒಂದು ಗಳಿಗೆ ನಿರಾಳವೂ ಆಯಿತು. ಆದರೆ ನೀವು ಹೇಳಿದ್ದು, ಕಣ್ಣಿನ ಕಟ್ಟು ಬಿಚ್ಚಿದ ಕೂಡಲೇ ಆ ಫೋಟೊವನ್ನೇ ತರಿಸಿ ನೋಡಿದೆ ಎಂದು. ಕಣ್ಣು ಮುಚ್ಚಿದರೂ ಈಗ ಅದೇ ಮುಖ ಬರುತ್ತದಂತೆ. ಕನಸಿನಲ್ಲಿ ಯಲ್ಲಪ್ಪ ಬಂದರೂ ಅದೇ ಮುಖವಂತೆ.

"ನನ್ನ ಮಗನ ಮಾರಿ ನಾನ ಮರತಿದ್ನಿ ತಮ್ಮಾ," ಎಂದಿರಿ. "ಅವತ್ತ ನಿನ್ನ ಸುಳ್ಳಗಾರ ಮಾಡಿದ್ನಿ. ಹೊಟ್ಟ್ಯಾಗ ಹಾಕ್ಕೊ."

ನಿಜ ಹೇಳಿದರೆ ನಿಮ್ಮಿಂದ ಈ ಮುಖವೂ ಹೋಗುತ್ತದೆ. ಬದಲಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ — ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಅದು ನಿಮ್ಮ ಮೇಲಿನ ಕರುಣೆಯಲ್ಲ, ನನ್ನ ಹೆದರಿಕೆ. ಈ ವಾರ ಅಂಬೇವಾಡಿಗೆ ಬರುತ್ತೇನೆ. ಗಾಜು ತೊಳೆದದ್ದನ್ನು ಹೇಳುತ್ತೇನೆ, ಯಾರ ಕಣ್ಣು, ಯಾರ ಬಾಯಿ ಎಂಬುದನ್ನೂ ಹೇಳುತ್ತೇನೆ. ಅವೆಲ್ಲ ಹೇಗೋ ಹೇಳಬಹುದು. ಹೇಳಲು ನಾಲಗೆ ಏಳದಿರುವುದು ಇನ್ನೊಂದು. ಅವತ್ತು ನೀವು ಕೈಮುಗಿದು ನಿಂತಾಗ, ಇರಲಿ ಬಿಡಿ, ವಯಸ್ಸಾದ ಮೇಲೆ ಹಾಗಾಗುತ್ತದೆ ಎಂದೆನಲ್ಲ — ನೀವು ಕೇಳಿದ ಕ್ಷಮೆಯನ್ನು ನಾನು ಕೊಟ್ಟುಬಿಟ್ಟೆ, ಗಂಗವ್ವ.