ಗೋಣೆಪ್ಪ ಕಾಕಾ ಹಿಡಿದ ಗುರುತು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟಿನಲ್ಲಿ ಗೋಣೆಪ್ಪ ಕಾಕಾನಿಗೆ ಆಡಿದ ಮಾತು ಇವತ್ತಿಗೂ ನನ್ನನ್ನೇ ಚುಚ್ಚುತ್ತದೆ. ಆತ ಮಾಡಿದ ಉಪಕಾರ ನೆನೆದರೆ ಕೈ ತಾನಾಗಿ ಮುಗಿಯುತ್ತದೆ.

ಆತ ನಮ್ಮ ಕಚೇರಿಯ ದಾಖಲೆ ಕೋಣೆಯ ಜವಾನ. ಯಾವ ಕಚೇರಿ ಎಂದು ಕೇಳಬೇಡಿ, ತಪ್ಪು ನನ್ನದು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದಾಗ ರಾಯಚೂರಿನಿಂದ ಲಾರಿಗಟ್ಟಲೆ ಬಂದ ಹಳೆಯ ಕಡತಗಳನ್ನು ಹೊತ್ತು ಇಳಿಸಿ, ಊರಿಗೊಂದು ಬಟ್ಟೆಗಂಟು ಕಟ್ಟಿಟ್ಟವನು ಆತನೇ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಆದರೆ ಊರ ಹೆಸರು ಹೇಳಿದರೆ ಸಾಕು, ಬೀಡಿ ಆರುವುದರೊಳಗೆ ಗಂಟು ತಂದಿಡುತ್ತಿದ್ದ.

2011ರಲ್ಲಿ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಲು ಆದೇಶ ಬಂತು. ಗುತ್ತಿಗೆಯ ಮೇಲೆ ನನ್ನನ್ನು ಕಂಪ್ಯೂಟರಿಗೆ ಕೂರಿಸಿದರು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಗಂಟು ಬಿಚ್ಚಿಸಿ, ನೂರಾ ನಲವತ್ತು ಊರಿನ ಕಾಗದಗಳನ್ನು ಊರಿಗೊಂದರಂತೆ ಪೆಟ್ಟಿಗೆಗೆ ತುಂಬಿಸಿ, ಗಂಟಿನ ಬಟ್ಟೆಗಳನ್ನು ಮೂಲೆಗೆ ಎಸೆಯತೊಡಗಿದೆ.

"ಯವ್ವಾ, ಅರಿಬಿ ಒಗೀಬ್ಯಾಡ್ರಿ, ಅದರಾಗ ಗುರ್ತ ಐತಿ," ಎಂದ ಕಾಕಾ.

"ಹೆಬ್ಬೆಟ್ಟಿನವರಿಗೆ ಇದೆಲ್ಲಾ ತಿಳಿಯಂಗಿಲ್ಲ. ದೂರ ನಿಂದರ್ರಿ!" ಎಂದೆ. ಆತ ಹೊರಗೆ ಹೋದ.

ಮೇಲಧಿಕಾರಿಗಳು ಈ ಕೆಲಸದ ತನಿಖೆಗೆ ಬರಲು ಮೂರೇ ದಿನವಿತ್ತು. ಕಡತ ಓದಿಸಿ ನೋಡಲು ಉರ್ದು ಬಲ್ಲವರನ್ನೂ ಕರೆತರುತ್ತಾರೆ ಎಂದು ಸುದ್ದಿ. ಯಾವ ಪೆಟ್ಟಿಗೆಯಲ್ಲಿ ಯಾವ ಊರು ಎಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಅಕಾರಾದಿಯಾಗಿ ಜೋಡಿಸಿ, ಅದರಂತೆ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ ಮುಗಿಸಿದ ಮೇಲೆ ನನ್ನ ತಪ್ಪು ಕಣ್ಣಿಗೆ ಬಿತ್ತು. ಊರ ಹೆಸರುಗಳಷ್ಟೇ ಹಿಂದೆಮುಂದೆ ಸರಿದಿದ್ದವು, ಪೆಟ್ಟಿಗೆ ಸಂಖ್ಯೆಗಳು ಇದ್ದಲ್ಲೇ ಇದ್ದವು; ಒಂದೂರಿನ ಪೆಟ್ಟಿಗೆಗೆ ಇನ್ನೊಂದೂರಿನ ಚೀಟಿ ಬಿದ್ದಿತ್ತು. ಹಳೆಯ ಪಟ್ಟಿ ಅಳಿಸಿಹಾಕಿದ್ದೆ. ಒಳಗಿನ ಕಾಗದಗಳೋ ನಿಜಾಮರ ಕಾಲದ ಉರ್ದು. ಅವುಗಳ ಮುಂದೆ ನಾನೂ ಹೆಬ್ಬೆಟ್ಟೇ.

ಕೆಲಸ ಹೋಯಿತೆಂದು ನೆಲಕ್ಕೆ ಕುಸಿದು ಅಳುತ್ತಿದ್ದಾಗ ಕಾಕಾ ಬಂದ. ನನ್ನಿಂದ ವಿಷಯ ತಿಳಿದು, ಒಂದು ಪೆಟ್ಟಿಗೆ ತೆರೆದು ಕಾಗದ ಸವರಿದ.

"ಇದು ಆನೆಗೊಂದಿ. ಹೊಳಿ ನೀರು ಕುಡದ ಕಾಗದ, ಅಂಚು ನೋಡ್ರಿ. ಇದು ಹುಲಿಹೈದರ, ಗೆದ್ದಲ ಮೂಲಿ ತಿಂದೈತಿ. ಬರಕೋರಿ ಯವ್ವಾ, ಅಳೂದು ಆಮ್ಯಾಲ ಅಳಾಕ ಬರತೈತಿ."

ಮೂರು ದಿನ ಆತ ಹೇಳಿದ, ನಾನು ಬರೆದೆ. ಅನುಮಾನ ಬಂದ ಕಡೆ, ನಾನು ಮೂಲೆಗೆಸೆದಿದ್ದ ಅರಿವೆ ತಂದು ಕಾಗದದ ಕಲೆಗೆ ಹೊಂದಿಸಿ ನೋಡಿದ. ತನಿಖೆಯವರ ಜೊತೆ ಬಂದ ಉರ್ದು ಬಲ್ಲ ಮುನ್ಷಿ ಒಂದೊಂದೇ ಓದಿದರು. ಒಂದೂ ತಪ್ಪಿರಲಿಲ್ಲ. ನನ್ನ ಅನ್ನ ಉಳಿಯಿತು. ಕಂಪ್ಯೂಟರಿನ ಪಟ್ಟಿಗೆ 'ಗುರುತು' ಎಂಬ ಹೊಸ ಕಾಲಂ ಸೇರಿತು. ಬೇರೆ ಕಚೇರಿಯವರೂ ಬಂದು ಅದನ್ನು ನೋಡಿ ಕಲಿತುಹೋದರು.

ಕಾಕಾ ನಿವೃತ್ತನಾದ ದಿನ ಕಂಪ್ಯೂಟರ್ ಮುಂದೆ ಕೂರಿಸಿದೆ.

"ಗುರ್ತ ಹೇಳಿದವರ ಹೆಸರು ಇಲ್ಲಿ ಬರದೀನಿ ಕಾಕಾ. ನಿಮ್ಮದು."

ಕಣ್ಣು ಕಿರಿದು ಮಾಡಿ ನೋಡಿದ. "ಮೂರ ಅಕ್ಷರ ಏನವಾ? ನನ್ನ ಹೆಸರು ಇಷ್ಟ ಸಣ್ಣದೇನು?" ಎಂದು ನಕ್ಕ.

ನಾನು ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದೆ. ಕಾಕಾನ ನಗು ನಿಂತಿತು. ಓದಲು ಬಾರದ ಆತ ಆ ಮೂರು ಅಕ್ಷರಗಳನ್ನು ಸಾಲುಸಾಲಿಗೂ ಬೆರಳಿಟ್ಟು ಗುರುತು ಹಿಡಿಯುತ್ತ ಬಂದ, ನೂರಾ ನಲವತ್ತನೆಯ ಊರಿನವರೆಗೂ.