ಮೊದಲ ಆಯ್ಕೆ ನಮ್ಮದು

ಸೋಲುವುದರಲ್ಲಿ ನಮ್ಮ ಅಜ್ಜಂಪುರದ ಕಬಡ್ಡಿ ತಂಡ ತೋರಿದ ಶ್ರದ್ಧೆಗೆ ಕೊನೆಗೂ ಫಲ ಸಿಕ್ಕಿತು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕುಗಳ ತಂಡಗಳು ಆಡುವ ಟೂರ್ನಿಗೆ ಸಂಘಟಕರು ಹೊಸ ನಿಯಮವೊಂದನ್ನು ತಂದರು. ಪ್ರತಿ ತಂಡವೂ ಪದವಿ ಓದುತ್ತಿರುವ, ಇನ್ನೂ ಮುಗಿಸಿರದ ಇಬ್ಬರು ಕಾಲೇಜು ಆಟಗಾರರನ್ನು ಸೇರಿಸಿಕೊಳ್ಳಬೇಕು. ಯಾವ ಕಾಲೇಜಿನವರಾದರೂ ಸರಿ, ಆದರೆ ಒಬ್ಬರಾದ ಮೇಲೆ ಒಬ್ಬರಂತೆ ಸರದಿಯಲ್ಲಿ ಆರಿಸಬೇಕು. ಹಿಂದಿನ ಸಲ ಕೊನೆಯಲ್ಲಿ ಉಳಿದ ತಂಡಕ್ಕೆ ಮೊದಲ ಸರದಿ. ಮೂರೇ ತಂಡಗಳಿರುವ ಟೂರ್ನಿಯಲ್ಲೂ ಮೂರನೆಯ ಸ್ಥಾನವನ್ನು ಯಾರಿಗೂ ಬಿಟ್ಟುಕೊಡದೆ ಕಾಪಾಡಿಕೊಂಡು ಬಂದವರು ನಾವು. ನಿಯಮ ಹೊರಬಿದ್ದ ಮರುದಿನವೇ ಆ ಸೋಲುಗಳೆಲ್ಲ ಮುಂದಾಲೋಚನೆಯಿಂದ ಮಾಡಿದವು ಎಂಬ ಅಭಿಪ್ರಾಯ ಊರಿನಲ್ಲಿ ನೆಲೆಗೊಂಡಿತು.

ಈ ಅಭಿಪ್ರಾಯ ಹುಟ್ಟಿದ್ದು ನಮ್ಮ ಅಪ್ಪನ ಹಿಟ್ಟಿನ ಗಿರಣಿಯ ಜಗುಲಿಯಲ್ಲಿ. ತ್ರೀ ಫೇಸ್ ಕರೆಂಟು ಹೋದ ಕ್ಷಣ ಗಿರಣಿ ನಿಲ್ಲುತ್ತದೆ, ರಾಗಿ ಡಬ್ಬ ಇಟ್ಟುಕೊಂಡವರು ಜಗುಲಿಗೆ ಬರುತ್ತಾರೆ, ಕಬಡ್ಡಿ ಶುರುವಾಗುತ್ತದೆ. ಆಡುವುದಲ್ಲ, ಮಾತು. ಅಲ್ಲಿ ಕೂತವರಲ್ಲಿ ಯಾರೂ ಈ ಇಪ್ಪತ್ತು ವರ್ಷಗಳಲ್ಲಿ ಬಗ್ಗಿ ತಮ್ಮ ಕಾಲು ತಾವು ಮುಟ್ಟಿಕೊಂಡವರಲ್ಲ. ಆದರೆ ಯಾವ ಹುಡುಗ ಯಾವ ಕಾಲು ಎಲ್ಲಿಡಬೇಕಾಗಿತ್ತು ಎಂಬ ವಿಷಯದಲ್ಲಿ ಅವರಿಗೆ ಸಂದೇಹವೇ ಇರಲಿಲ್ಲ.

ಆಯ್ಕೆ ಸಮಿತಿ ಎಂದರೆ ನಿವೃತ್ತ ಪಿ.ಟಿ. ಮೇಷ್ಟ್ರು. ಸಮಿತಿಯಲ್ಲಿ ಇನ್ನೂ ನಾಲ್ವರಿದ್ದರು, ನಮ್ಮಪ್ಪನೂ ಸೇರಿ. ಮೇಷ್ಟ್ರು ಹೇಳಿದ್ದಕ್ಕೆ ತಲೆಯಾಡಿಸಲು ಅಷ್ಟು ಜನ ಬೇಕಾಗುತ್ತಿತ್ತು. ಮೇಷ್ಟ್ರ ಕಣ್ಣು, ಕಿವಿ ಎರಡೂ ಬಸ್ ಸ್ಟ್ಯಾಂಡಿನ ಏಜೆಂಟು. ತರೀಕೆರೆಗೂ ಬೀರೂರಿಗೂ ಹೋಗುವ ಬಸ್ಸುಗಳನ್ನು ಕೂಗಿ ಹೊರಡಿಸುವ ಈತ, ಮೂರೂ ತಾಲ್ಲೂಕುಗಳ ಸುದ್ದಿಯನ್ನು ಬಸ್ಸಿಗಿಂತ ಬೇಗ ತರುತ್ತಿದ್ದ. ಒಂದು ಮಧ್ಯಾಹ್ನ ಅವನು ಮೊಬೈಲು ಎತ್ತಿ ಹಿಡಿದುಕೊಂಡೇ ಗಿರಣಿಗೆ ಬಂದ.

"ಮೇಷ್ಟ್ರೇ, ಹುಡುಕಾಟ ಮುಗೀತು. ಕಡೂರು ಕಾಲೇಜಿನ ಏಳು ನಂಬರ್ ನೋಡಿ."

ಅದು ನಾನು ಪಾಠ ಮಾಡುವ ಕಾಲೇಜು. ಅಲ್ಲಿ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಏಜೆಂಟು ತೋರಿಸಿದ್ದು ಅಂತರಕಾಲೇಜು ಪಂದ್ಯದ ವಿಡಿಯೊ. ಯಾರೋ ಪುಣ್ಯಾತ್ಮರು ಮೈದಾನದ ಆಚೆ ತುದಿಯಿಂದ ಹಿಡಿದದ್ದು. ಮುಖಗಳು ಹೆಸರುಕಾಳಿನಷ್ಟು, ಬೆನ್ನಿನ ಮೇಲಿನ ನಂಬರು ಮಾತ್ರ ಸ್ಪಷ್ಟ. ಮೊದಲರ್ಧದಲ್ಲಿ ಏಳನೇ ನಂಬರು ಮೂರು ರೈಡು ಹೋಗಿ, ಒಂದರಲ್ಲಿ ಇಬ್ಬರನ್ನು, ಇನ್ನೊಂದರಲ್ಲಿ ಮೂವರನ್ನು ಮುಟ್ಟಿ, ಮೀನಿನ ಹಾಗೆ ನುಸುಳಿ ವಾಪಸು ಬಂದಿದ್ದ. ದ್ವಿತೀಯಾರ್ಧದಲ್ಲಿ ಅದೇ ಏಳನೇ ನಂಬರು ಮೂಲೆಯಲ್ಲಿ ನಿಂತು, ಎದುರು ತಂಡದ ರೈಡರನ ಕಾಲನ್ನು ಎರಡು ಸಲ ಹಿಡಿದು ನೆಲಕ್ಕೆ ಕೆಡವಿದ್ದ.

ಒಂದು ವಾರ ಆ ವಿಡಿಯೊದ ಮೇಲೆ ನಡೆದಷ್ಟು ಸಂಶೋಧನೆ ನನ್ನ ವಿಶ್ವವಿದ್ಯಾಲಯದಲ್ಲಿ ಯಾವ ವಿಷಯದ ಮೇಲೂ ನಡೆದದ್ದನ್ನು ನಾನು ಕಂಡಿಲ್ಲ.

"ಮೊದ್ಲು ಬಲಗೈಲಿ ಮುಟ್ತಾನೆ, ಆಮೇಲೆ ಎಡಗೈಲಿ ಹಿಡೀತಾನೆ. ಎರಡೂ ಕೈ ಸಮ ಕಣ್ರೀ ಇವ್ನಿಗೆ," ಎಂದ ಏಜೆಂಟು.

"ಅದಿರ್ಲಿ, ಸೆಕೆಂಡ್ ಹಾಫಲ್ಲಿ ಒಂದು ಗೇಣು ಉದ್ದ ಕಾಣ್ತಾನಲ್ಲ?" ಎಂದು ಅಪ್ಪ ಕೇಳಿದರು. ಆ ವಾರ ಜಗುಲಿಯಲ್ಲಿ ಹುಟ್ಟಿದ ಏಕೈಕ ಬುದ್ಧಿವಂತ ಪ್ರಶ್ನೆ ಅದು.

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. "ರೈಡಿಗೆ ಹೋಗುವಾಗ ಬಗ್ಗಿರ್ತಾನೆ, ಹಿಡಿಯುವಾಗ ಎದ್ದು ನಿಂತಿರ್ತಾನೆ. ಅದನ್ನೇ ಸ್ಟ್ಯಾನ್ಸ್ ಅನ್ನೋದು. ನಲವತ್ತು ವರ್ಷ ಸೀಟಿ ಊದಿದೀನಿ, ನನಗೆ ಹೇಳ್ಕೊಡ್ತೀಯೇನಪ್ಪಾ."

ಅಪ್ಪ ತಲೆಯಾಡಿಸಿದರು. ಸಮಿತಿ ತನ್ನ ಕೆಲಸ ಮಾಡಿತು.

ಕಡೂರಿಗೆ ಹೋಗಿ ಒಂದು ಪಂದ್ಯವನ್ನು ಕಣ್ಣಾರೆ ನೋಡಿ ಬರೋಣ ಎಂದು ಆ ಐವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಹೋಗಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಮ್ಮ ಕಾಲೇಜಿನ ತಂಡದಲ್ಲಿ ಆಟಗಾರರು ಹತ್ತು ಮಂದಿ, ಜೆರ್ಸಿಗಳು ಏಳು. ದಾನಿಯೊಬ್ಬರು ಕಬಡ್ಡಿಯಲ್ಲಿ ಅಂಕಣದೊಳಗೆ ಏಳೇ ಜನ ಇರುತ್ತಾರೆಂದು ಕೇಳಿ ತಿಳಿದುಕೊಂಡು ಏಳೇ ಹೊಲಿಸಿಕೊಟ್ಟಿದ್ದರು. ಹೀಗಾಗಿ ಆಟಗಾರ ಬದಲಾದಾಗ ಹೊರಬರುವವನು ಗೆರೆಯ ಬಳಿ ನಿಂತು ಬೆವರಲ್ಲಿ ತೊಯ್ದ ಜೆರ್ಸಿಯನ್ನು ಕಳಚಿ ಕೊಡುತ್ತಾನೆ, ಒಳಹೋಗುವವನು ಮುಖ ಸಿಂಡರಿಸಿ ತೊಟ್ಟುಕೊಳ್ಳುತ್ತಾನೆ. ಮೊದಲರ್ಧದ ಏಳನೇ ನಂಬರು ಪಂಚನಹಳ್ಳಿಯಿಂದ ಬರುತ್ತಿದ್ದ ಗಿಡ್ಡ ಹುಡುಗ, ನನ್ನ ಅಂತಿಮ ವರ್ಷದ ವಿದ್ಯಾರ್ಥಿ. ದ್ವಿತೀಯಾರ್ಧದ ಏಳನೇ ನಂಬರು ತರೀಕೆರೆ ಕಡೆಯ ಒಬ್ಬ ಎತ್ತರದ ಎಡಗೈ ಹುಡುಗ. ಹಿಡಿಯುವುದರಲ್ಲಿ ಗಟ್ಟಿ, ಆದರೆ ರೈಡಿಗೆ ಹೋಗೆಂದರೆ ಹೆದರುತ್ತಿದ್ದ.

ಪಂಚನಹಳ್ಳಿಯ ಹುಡುಗನಿಗೆ ಈ ಆಯ್ಕೆ ಊರ ಪ್ರತಿಷ್ಠೆಯ ಮಾತಾಗಿರಲಿಲ್ಲ. ಅವನಿಗೆ ಪಿ.ಟಿ. ಮೇಷ್ಟ್ರಾಗಬೇಕೆಂಬ ಆಸೆ. ಪದವಿಯಾದ ಮೇಲೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೇರಬೇಕು. ಅವನು ವಿಚಾರಿಸಿ ಬಂದಿದ್ದ ಕಡೆ ಅರ್ಜಿಯ ಜೊತೆ ಟೂರ್ನಿ ಆಡಿದ ಪ್ರಮಾಣಪತ್ರ ಕೇಳುತ್ತಿದ್ದರು. ಅವನ ಕಾಲೇಜು ಪಂದ್ಯಗಳಿಗೆ ಪ್ರಮಾಣಪತ್ರ ಇರಲಿಲ್ಲ, ಚಪ್ಪಾಳೆ ಮಾತ್ರ ಇತ್ತು. ಅದೇ ಅವನ ಕೊನೆಯ ವರ್ಷ. ಡಿಗ್ರಿ ಮುಗಿದರೆ ಟೂರ್ನಿಯ ಬಾಗಿಲೂ ಮುಚ್ಚುತ್ತದೆ.

ನಾನು ಜಗುಲಿಗೆ ಹೋಗಿ ಹೇಳಿದೆ, ಅದು ಇಬ್ಬರು ಬೇರೆ ಬೇರೆ ಹುಡುಗರು ಎಂದು.

ಮೇಷ್ಟ್ರು ಕನಿಕರದಿಂದ ನೋಡಿದರು. "ಏನಮ್ಮ, ಕಬಡ್ಡಿನೂ ನಿಮ್ಮ ಸಿಲಬಸ್ಸಿಗೆ ಹಾಕಿದಾರಾ?"

"ನಾನು ಆ ಪಂದ್ಯ ನೋಡಿದೀನಿ ಸಾರ್. ಗೆರೆ ಹತ್ರ ನಿಂತಿದ್ದೆ."

"ನೀನು ಗೆರೆ ಹತ್ರ ನೋಡಿದ್ದು. ಆಟ ದೂರದಿಂದ ನೋಡ್ಬೇಕು ಕಣಮ್ಮ, ಆಗ ಗೊತ್ತಾಗುತ್ತೆ."

ಏಜೆಂಟು ನಕ್ಕ. "ತಮ್ಮ ಸ್ಟೂಡೆಂಟು ಅಂತ ವಹಿಸ್ಕೊಂಡು ಮಾತಾಡ್ತಾವ್ರೆ, ಬಿಡಿ ಮೇಷ್ಟ್ರೇ."

"ಹಂಗಾದ್ರೆ ಬರ್ಕೊಡಮ್ಮ," ಎಂದರು ಮೇಷ್ಟ್ರು. "ಸಮಿತಿ ಮುಂದೆ ಇಡ್ತೀನಿ."

ಬರೆದುಕೊಟ್ಟೆ. ಈ ಕಥೆಯಲ್ಲಿ ನನ್ನ ಪಾಲಿನ ತಪ್ಪನ್ನು ಇಲ್ಲೇ ಒಪ್ಪಿಕೊಳ್ಳಬೇಕು. ಆರಿಸುವವರು ಯಾರಿಗೆ ಉತ್ತರ ಹೇಳಬೇಕು, ಆಯ್ಕೆಯ ಮಾನದಂಡಗಳೇನು, ಪಾರದರ್ಶಕತೆ ಎಂದರೇನು ಎಂಬುದನ್ನೆಲ್ಲ ನಾನು ಒಂದೊಂದು ವಾಕ್ಯವನ್ನೂ ತೂಗಿ ನೋಡಿ ಮೂರು ಪುಟ ಬರೆದೆ. ಹುಡುಗನ ಹೆಸರು ಬಂದದ್ದು ಮೂರನೆಯ ಪುಟದ ಕೊನೆಯ ಪ್ಯಾರಾದಲ್ಲಿ. ನಾಲ್ಕು ದಿನ ಬಿಟ್ಟು ಕೇಳಿದಾಗ ಮೇಷ್ಟ್ರು, "ಭಾಷೆ ಚೆನ್ನಾಗೈತೆ ಕಣಮ್ಮ, ಪೇಪರಿಗೆ ಕಳಿಸು," ಎಂದರು. ಅವರು ಮೊದಲ ಪುಟ ದಾಟಿರಲಿಲ್ಲ. ಒಂದು ಸಾಲು ಬರೆದಿದ್ದರೆ ಓದಿರುತ್ತಿದ್ದರೇನೋ. ಆ ಒಂದು ಸಾಲು ಬರೆಯಲು ನನ್ನ ಎಂ.ಎ. ಬಿಡಲಿಲ್ಲ.

ಆಯ್ಕೆ ನಡೆದದ್ದು ತರೀಕೆರೆಯಲ್ಲಿ, ಒಂದು ಸಭಾಭವನದಲ್ಲಿ. ನಾನೂ ಅಪ್ಪನ ಜೊತೆ ಹೋಗಿದ್ದೆ. ಸಂಘಟಕರು ಅಜ್ಜಂಪುರವನ್ನು ಕರೆದಾಗ ಮೇಷ್ಟ್ರು ಪಂಚೆ ಸರಿಮಾಡಿಕೊಂಡು ಎದ್ದು, ರಾಷ್ಟ್ರಪತಿಯನ್ನು ಆರಿಸುವ ಗಾಂಭೀರ್ಯದಲ್ಲಿ ಹೇಳಿದರು: "ಕಡೂರು ಕಾಲೇಜು. ಏಳು ನಂಬರ್."

"ಹೆಸರು ಹೇಳಿ ಸಾರ್," ಎಂದರು ಸಂಘಟಕರು.

ಹೆಸರು! ಒಂದು ವಾರ ಅವನ ಕೈ, ಕಾಲು, ಉದ್ದ, ಉಸಿರು ಎಲ್ಲವನ್ನೂ ಚರ್ಚಿಸಿದ ಸಮಿತಿ ಹೆಸರನ್ನು ಕೇಳಿರಲಿಲ್ಲ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎದ್ದು ನಿಂತು ಪಂಚನಹಳ್ಳಿ ಹುಡುಗನ ಹೆಸರು ಹೇಳಿದೆ. ಸಂಘಟಕರು ನಯವಾಗಿಯೇ, ಸಮಿತಿಯವರು ಮಾತ್ರ ಹೇಳಬೇಕು ಎಂದರು. ಆಮೇಲೆ ಕಾಲೇಜಿನಿಂದ ಬಂದಿದ್ದ ಪಟ್ಟಿಯಲ್ಲಿ ಬೆರಳಾಡಿಸಿದರು. ತಂಡದ ಫೋಟೊ ತೆಗೆದ ದಿನ ಯಾರ ಮೈಮೇಲೆ ಯಾವ ಜೆರ್ಸಿ ಇತ್ತೋ ಅದನ್ನೇ ನೋಡಿ ತಯಾರಿಸಿದ ಪಟ್ಟಿ ಅದು. ಏಳರ ಮುಂದೆ ಇದ್ದದ್ದು ಎತ್ತರದ ಹುಡುಗನ ಹೆಸರು.

"ಅವನೇ," ಎಂದರು ಮೇಷ್ಟ್ರು.

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ತಮ್ಮ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದರು.

ಉಳಿದ ಐದು ಆಯ್ಕೆಗಳಲ್ಲೂ ಪಂಚನಹಳ್ಳಿಯ ಹುಡುಗನಿಗೆ ಜಾಗ ಸಿಗಲಿಲ್ಲ. ಕಡೂರಿನವರಾದರೂ ಕರೆಯುತ್ತಾರೆಂದುಕೊಂಡಿದ್ದೆ. ಅವರೂ ಅದೇ ವಿಡಿಯೊ ನೋಡಿದ್ದರು; ಒಳ್ಳೆಯ ಹುಡುಗ ಅಜ್ಜಂಪುರದ ಪಾಲಾದ ಎಂದು ನಿಟ್ಟುಸಿರಿಟ್ಟು ಬೇರೆಯವರನ್ನು ಆರಿಸಿಕೊಂಡರು. ಮೂರು ತಾಲ್ಲೂಕುಗಳ ನಡುವೆ ಇಷ್ಟು ಒಮ್ಮತವನ್ನು ನಾನು ಮತ್ತೆಂದೂ ಕಂಡಿಲ್ಲ.

ಟೂರ್ನಿಯಲ್ಲಿ ನಡೆದದ್ದನ್ನು ಚುಟುಕಾಗಿ ಹೇಳಬಹುದು, ಅದು ನಡೆದದ್ದೂ ಚುಟುಕಾಗಿಯೇ. ಎತ್ತರದ ಹುಡುಗನನ್ನು ರೈಡಿಗೆ ಕಳಿಸಿದರು. ಅವನು ಗೆರೆ ದಾಟಿ, ಎದುರಿನವರನ್ನು ಒಮ್ಮೆ ನೋಡಿ, ಬಂದ ದಾರಿಗೆ ತಿರುಗುವಷ್ಟರಲ್ಲಿ ಸೊಂಟಕ್ಕೆ ನಾಲ್ವರು ಬಿದ್ದರು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಅವನು, "ನಾನು ಕಾರ್ನರ್ ಸಾರ್, ರೈಡರ್ ಅಲ್ಲ," ಎಂದು ಗೋಗರೆದರೂ ಮೇಷ್ಟ್ರು ಕೇಳಲಿಲ್ಲ. "ವಿನಯ ನೋಡು," ಎಂದು ಏಜೆಂಟನಿಗೆ ಹೇಳಿದರು. ನಾವು ನಮ್ಮ ಸ್ಥಾನವನ್ನು ಉಳಿಸಿಕೊಂಡೆವು.

ಮುಂದಿನ ವಾರ ಪಂಚನಹಳ್ಳಿಯ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. "ಮೇಡಂ, ಆ ವಿಡಿಯೊದಲ್ಲಿ ರೈಡು ಹೋಗಿದ್ದು ನಾನೇ ಅಂತ ಅಜ್ಜಂಪುರದ ಸಮಿತಿಯವ್ರು ಒಂದು ಲೆಟರ್ ಕೊಟ್ರೆ ಅರ್ಜಿ ಜೊತೆ ಇಡಬಹುದಲ್ವಾ?" ಎಂದ. ಅದಕ್ಕೆ ಬೆಲೆ ಬರುತ್ತದೆಂಬ ನಂಬಿಕೆ ನನಗಿರಲಿಲ್ಲ. ಆದರೂ ಅವನನ್ನು ರೈಲಿನಲ್ಲಿ ಅಜ್ಜಂಪುರಕ್ಕೆ, ಗಿರಣಿಯ ಜಗುಲಿಗೆ ಕರೆದುಕೊಂಡು ಬಂದೆ. ಅವನ ಮೇಲಿನ ಕಾಳಜಿ ಒಂದು ಕಾರಣ. ಮೇಷ್ಟ್ರ ಮುಖ ಆಗ ಹೇಗಾಗುತ್ತದೆಂದು ನೋಡುವ ಆಸೆ ಇನ್ನೊಂದು. ಅದು ಅಷ್ಟೊಂದು ಒಳ್ಳೆಯ ಕಾರಣವಲ್ಲ.

ಮೇಷ್ಟ್ರು ವಿಡಿಯೊ ಹಾಕಿಸಿ, ಹುಡುಗನನ್ನು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿಸಿದರು. ಅವನು ಬಗ್ಗಿ, ಬಲಗೈ ಚಾಚಿ, ಹಿಮ್ಮಡಿಯ ಮೇಲೆ ಗಿರ್ರನೆ ತಿರುಗಿದ.

"ಲೇ, ಇವ್ನೇ ಕಣೋ," ಎಂದ ಏಜೆಂಟು.

"ಹೌದು, ಇವ್ನೇ," ಎಂದರು ಮೇಷ್ಟ್ರು. ಒಪ್ಪಿಕೊಂಡದ್ದಕ್ಕೆ ನಾನು ಅವರನ್ನು ಅರೆಗಳಿಗೆ ಮೆಚ್ಚಿದೆ. "ಚೆನ್ನಾಗಿ ಆಡ್ತೀಯ ಕಣಪ್ಪಾ."

"ಹಂಗಾದ್ರೆ ಬರ್ಕೊಡಿ ಸಾರ್," ಎಂದೆ.

"ಬರ್ಕೊಟ್ರೆ ಸಮಿತಿ ತಪ್ಪು ಮಾಡ್ತು ಅಂತ ಆಗುತ್ತಲ್ಲಮ್ಮ."

"ಮಾಡಿದೆಯಲ್ಲ ಸಾರ್."

"ಮಾಡಿರ್ಬಹುದು. ಬರಹದಲ್ಲಿ ಯಾಕೆ?" ಎಂದು ಅವರು ಎದ್ದು ಹುಡುಗನ ಬೆನ್ನು ತಟ್ಟಿದರು. "ನೋಡಪ್ಪಾ, ಮುಂದಿನ ವರ್ಷವೂ ಮೊದಲ ಆಯ್ಕೆ ನಮ್ಮದೇ. ನೀನು ಕಾಲೇಜಲ್ಲಿ ಇದ್ರೆ ಮೊದಲ್ನೇ ಹೆಸರು ನಿಂದು. ಇದು ನನ್ನ ಮಾತು."

ಹುಡುಗ ಅವರ ಕಾಲು ಮುಟ್ಟಿದ. ಮಗಳು ಮನೆಗೆ ಕರೆತಂದ ಅತಿಥಿ ಎಂದು ಅಪ್ಪ ಕಾಫಿ ತರಿಸಿದರು. ಮೇಷ್ಟ್ರ ಆ ಮಾತನ್ನು ನಾನು ಇನ್ನೊಂದು ಬುರುಡೆ ಎಂದು ಅಲ್ಲೇ ಕೊಡವಿಕೊಂಡೆ. ನನ್ನ ಪಕ್ಕದಲ್ಲಿ ಕೂತಿದ್ದವನು ಅದನ್ನು ಎಲ್ಲಿ ಇಟ್ಟುಕೊಂಡ ಎಂದು ನೋಡಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ರಾಜ್ಯಶಾಸ್ತ್ರ ಪರೀಕ್ಷೆಯ ದಿನ ಅವನ ಬೆಂಚು ಖಾಲಿ ಇತ್ತು. ಉಳಿದ ಎಲ್ಲ ಪರೀಕ್ಷೆಗಳನ್ನೂ ಬರೆದಿದ್ದ. ಸಂಜೆ ಫೋನು ಮಾಡಿದೆ.

"ಹುಷಾರಿಲ್ವಾ?"

"ಹುಷಾರಾಗಿದೀನಿ ಮೇಡಂ. ಬೇಜಾರು ಮಾಡ್ಕೋಬೇಡಿ, ನಿಮ್ಮ ಸಬ್ಜೆಕ್ಟು ಅಂತ ಬಿಟ್ಟಿದ್ದಲ್ಲ. ಒಂದು ಉಳಿಸ್ಕೊಂಡ್ರೆ ಡಿಗ್ರಿ ಮುಗಿದಂಗೆ ಆಗಲ್ವಲ್ಲ. ಮುಂದಿನ ವರ್ಷ ಆಡಬಹುದು. ಮೇಷ್ಟ್ರು ಮಾತು ಕೊಟ್ಟಿದಾರಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಗಿರಣಿಗೆ ಹೋದೆ. ಮೇಷ್ಟ್ರು ರಾಗಿ ಹಿಟ್ಟಿನ ಡಬ್ಬವನ್ನು ಸ್ಕೂಟರಿನ ಮುಂದೆ ಇಟ್ಟುಕೊಳ್ಳುತ್ತಿದ್ದರು. ನೀವು ಕೊಟ್ಟ ಮಾತನ್ನು ನಂಬಿ ಒಬ್ಬ ಹುಡುಗ ಪರೀಕ್ಷೆ ಬಿಟ್ಟಿದ್ದಾನೆ, ಮುಂದಿನ ವರ್ಷ ಅವನನ್ನು ಆರಿಸುತ್ತೀರಾ, ಹೌದೋ ಅಲ್ಲವೋ ಎಂದು ಕೇಳಿದೆ. ಈ ಸಲ ಎಲ್ಲ ಒಂದೇ ವಾಕ್ಯದಲ್ಲಿತ್ತು.

"ಯಾವ ಹುಡುಗ?" ಎಂದರು.

ಹೇಳಿದೆ.

"ಓ, ಆ ಗಿಡ್ಡ ಹುಡುಗನಾ. ಎಲ್ಲಾರಿಗೂ ಹಂಗೇ ಹೇಳೋದು ಕಣಮ್ಮ, ಹುಡುಗ್ರಿಗೆ ಉತ್ಸಾಹ ಬರ್ಲಿ ಅಂತ. ಅದಕ್ಕೆ ಪರೀಕ್ಷೆ ಬಿಡ್ತಾರಾ ಯಾರಾದ್ರೂ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಮುಂದಿನ ವರ್ಷಕ್ಕೆ ತರೀಕೆರೆಯಲ್ಲಿ ಒಬ್ಬನ್ನ ನೋಡಿದೀವಿ. ನಾಲ್ಕನೇ ನಂಬರ್. ಏಜೆಂಟ್ ಹತ್ರ ವಿಡಿಯೊ ಐತೆ, ನೋಡು."

ಅಂಗಳದಲ್ಲೇ ನಿಂತು ಮತ್ತೆ ಫೋನು ಮಾಡಿದೆ. ಮೇಷ್ಟ್ರು ಹೇಳಿದ್ದನ್ನು ಮೆದು ಮಾಡದೆ, ಅವರು ಹೇಳಿದ ಹಾಗೆಯೇ ಹೇಳಿದೆ. ನಿನ್ನನ್ನು ಅವರ ಮುಂದೆ ಕರೆತಂದು ನಿಲ್ಲಿಸಿದ್ದು ನಾನೇ, ಅದು ನನ್ನ ತಪ್ಪು ಎಂದೂ ಹೇಳಿದೆ. ಆ ಕಡೆ ಯಾವುದೋ ಬೈಕು ಹಾದುಹೋದ ಸದ್ದು ಕೇಳಿಸಿತು.

"ಮೇಡಂ," ಎಂದ, "ಆ ಪರೀಕ್ಷೆ ಮತ್ತೆ ಯಾವಾಗ ಬರುತ್ತೆ?"

ಮುಂದಿನ ವರ್ಷ ಎಂದೆ.